ಕಳಿಸುವವರೂ ಕಲಿಯಬೇಕಾದ ವಿದ್ಯೆ

ತೊಗರಿ ರಾಶಿ ಮುಗಿದು ಹೊಲ ಬರಿದಾದ ದಿನಗಳಲ್ಲಿ ಯಾದಗಿರಿ ರೈಲು ನಿಲ್ದಾಣಕ್ಕೆ ಹೋದರೆ ಅರ್ಧ ಪ್ಲಾಟ್‌ಫಾರ್ಮು ಗುಳೆ ಹೋಗುವವರದೇ. ಗೊಬ್ಬರದ ಚೀಲದಲ್ಲಿ ಜೋಳ, ಬಟ್ಟೆಯಲ್ಲಿ ಕಟ್ಟಿದ ಕಟಕ ರೊಟ್ಟಿ, ಬುಟ್ಟಿ, ಸಲಿಕೆ, ಕಂಕುಳಲ್ಲಿ ಕೂಸು. ಈ ವರ್ಷದ ಆರಂಭದಲ್ಲಿ ನಾನೂ ಅಲ್ಲೇ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಕಾಯುತ್ತಿದ್ದೆ. ನಮ್ಮ ಪಕ್ಕದ ಹಳ್ಳಿಯ ಮೇಸ್ತ್ರಿ ಹತ್ತು ಹನ್ನೆರಡು ಮನೆಯವರನ್ನು ಬೆಂಗಳೂರಿಗೆ ಕರೆದುಕೊಂಡು ಹೊರಟಿದ್ದ. ಅವನ ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಹಳೆಯ ಡೈರಿ. ಒಂದೊಂದು ಸಾಲಿಗೆ ಒಂದೊಂದು ಹೆಸರು. ಎದುರಿಗೆ ಕೊಟ್ಟ ಮುಂಗಡ. ಗೌಂಡಿಯೋ, ಸೆಂಟ್ರಿಂಗಿನವನೋ, ಕೂಲಿಯೋ ಎಂಬ ಗುರುತು. ಸಾಲಿನ ಕೊನೆಯಲ್ಲಿ ಕೆಲವರಿಗೆ ಮಾತ್ರ ಒಂದೋ ಎರಡೋ ಚುಕ್ಕಿ ಇಟ್ಟಿದ್ದ. ಏನಿದು ಎಂದು ಕೇಳಿದೆ.

‘ಕೂಸಿನ ಲೆಕ್ಕ ರೀ ಅದು. ಸಣ್ಣ ಕೂಸು ಇದ್ದೋರಿಗಿ ಶೆಡ್ಡಿನ ಒಳಮಗ್ಗಲ ಜಾಗ ಕೊಡಬೇಕಾಗ್ತದ. ಬಾಗಲ ಕಡಿ ಮಲಗಿದ್ರ ಥಂಡಿ ಹತ್ತತದ’ ಎಂದ.

ಆ ಚುಕ್ಕಿಗಳನ್ನು ಇಡಲು ಅವನಿಗೆ ಯಾರೂ ಕಲಿಸಿರಲಿಲ್ಲ. ಯಾವುದೋ ವರ್ಷ ಬಾಗಿಲ ಬಳಿ ಮಲಗಿದ ಕೂಸೊಂದಕ್ಕೆ ಜ್ವರ ಬಂದಿದ್ದಿರಬೇಕು, ಆಮೇಲೆ ಕಲಿತಿರಬೇಕು.

ಈ ಡೈರಿಯ ನೆನಪು ಮತ್ತೆ ಬಂದದ್ದು ಯುಗಾದಿಗೆ ಅಕ್ಕನ ಮಗಳು ಊರಿಗೆ ಬಂದಾಗ. ಶಹಾಪುರದಲ್ಲಿ ಪಿಯುಸಿ, ಕಲಬುರಗಿಯಲ್ಲಿ ಎಂಬಿಎ ಮುಗಿಸಿದ ಹುಡುಗಿ ಈಗ ಬೆಂಗಳೂರಿನ ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದಾಳೆ. ಕಂಪನಿಯ ನೌಕರರನ್ನು ಜರ್ಮನಿ, ಜಪಾನ್, ಅಮೆರಿಕಗಳಿಗೆ ಕೆಲಸಕ್ಕೆ ಕಳಿಸುವುದು, ಅಲ್ಲಿರುವಷ್ಟು ದಿನ ನೋಡಿಕೊಳ್ಳುವುದು, ತಿರುಗಿ ಕರೆಸಿಕೊಳ್ಳುವುದು ಅವಳ ಕೆಲಸ. ನೌಕರರ ಬಾಯಲ್ಲಿ ಇದು ‘ಆನ್‌ಸೈಟ್’. ಕಚೇರಿಯ ಬಾಗಿಲ ಮೇಲೆ ‘ಗ್ಲೋಬಲ್ ಮೊಬಿಲಿಟಿ’ ಎಂದು ಬರೆದಿರುತ್ತದಂತೆ. ಕೆಲಸಕ್ಕೆ ಸೇರಿ ಎರಡು ವರ್ಷವಾದ ಮೇಲೆ ಕಂಪನಿ ಅವಳನ್ನು ಇದರ ತರಬೇತಿಗೆ ಹಾಕಿದೆ. ದಪ್ಪನೆಯ ಫೈಲೊಂದನ್ನು ತಂದು ಪಡಸಾಲೆಯಲ್ಲಿ ಹರವಿಕೊಂಡು ಕೂತಿದ್ದಳು. ತರಬೇತಿ ಎರಡು ವರ್ಷ ತಡವಾದದ್ದಕ್ಕೆ ತೆತ್ತ ಬೆಲೆಯನ್ನೂ ಹೇಳಿದಳು.

ಮೊದಲ ವರ್ಷ ಒಬ್ಬ ಎಂಜಿನಿಯರನ್ನು ನಾಲ್ಕು ತಿಂಗಳ ಮಟ್ಟಿಗೆ ಯುರೋಪಿಗೆ ಕಳಿಸಿದ್ದರು. ಕೆಲಸ ಮುಗಿಯಲಿಲ್ಲ. ಒಂದು ಮೇಲ್‌ನಲ್ಲಿ ಒಂದು ತಿಂಗಳು ಮುಂದೆ ಹೋಯಿತು, ಇನ್ನೊಂದು ಮೇಲ್‌ನಲ್ಲಿ ಆರು ವಾರ. ನೋಡನೋಡುತ್ತ ಏಳು ತಿಂಗಳು ದಾಟಿತು. ಅಲ್ಲಿನ ಸರ್ಕಾರ ಆ ಪಗಾರಕ್ಕೆ ತೆರಿಗೆ ಕೇಳಿತು. ಇಲ್ಲಿ ತಿಂಗಳು ತಿಂಗಳು ತೆರಿಗೆ ಕಟ್ಟಿಯಾಗಿತ್ತು. ಎರಡು ದೇಶಗಳ ಲೆಕ್ಕ ಬಿಡಿಸುವುದರಲ್ಲಿ ಒಂದೂವರೆ ವರ್ಷ ಹೋಯಿತು. ಅಷ್ಟೂ ದಿನ ಆ ಹುಡುಗ ನೋಟಿಸು ಬಂದಾಗಲೆಲ್ಲ ಇವಳಿಗೇ ಫೋನ್ ಮಾಡುತ್ತಿದ್ದ. ‘ದಿನ ಎಣಸಬೇಕು ಅಂತ ನನಗ ಯಾರೂ ಹೇಳಿರಲಿಲ್ಲ ಮಾಮಾ’ ಎಂದಳು. ಅದನ್ನು ಹೇಳುವಾಗ ಅವಳ ಮುಖ ಸಣ್ಣದಾಗಿತ್ತು.

ದಿನ ಎಣಿಸುವುದು ಈ ವಿದ್ಯೆಯ ಮೊದಲ ಪಾಠ. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದಗಳಲ್ಲಿ 183 ದಿನಗಳ ಒಂದು ಗೆರೆ ಬಹಳ ಕಡೆ ಇದೆ. ಪರದೇಶದಲ್ಲಿ ಅಷ್ಟು ದಿನ ದಾಟದವನ ಪಗಾರಕ್ಕೆ ಆ ದೇಶ ತೆರಿಗೆ ಹಾಕುವುದಿಲ್ಲ ಎಂದು ಎಲ್ಲರೂ ನೆನಪಿಟ್ಟುಕೊಂಡಿರುತ್ತಾರೆ. ಆದರೆ ಅದೇ ಕಲಮಿನಲ್ಲಿ ಇನ್ನೂ ಎರಡು ಷರತ್ತುಗಳಿವೆ. ಪಗಾರವನ್ನು ಆ ದೇಶದ ಕಂಪನಿ ಕೊಡುತ್ತಿರಬಾರದು. ಅಲ್ಲಿರುವ ಶಾಖೆ ಆ ಖರ್ಚನ್ನು ತನ್ನ ಮೇಲೆ ಹಾಕಿಕೊಂಡಿರಲೂಬಾರದು. ಮೂರೂ ಕೂಡಿದರೆ ಮಾತ್ರ ವಿನಾಯಿತಿ. ದಿನ ಸರಿಯಾಗಿ ಎಣಿಸಿಯೂ, ಖರ್ಚಿನ ಬಿಲ್ಲು ಎಲ್ಲಿಗೆ ಹೋಯಿತು ಎಂದು ನೋಡದೆ ಸಿಕ್ಕಿಬಿದ್ದವರುಂಟು. ನಮ್ಮ ಆದಾಯ ತೆರಿಗೆ ಕಾನೂನಿಗೆ ಅದರದೇ ಆದ 182 ದಿನಗಳ ಲೆಕ್ಕವಿದೆ. ಯಾವ ದಿನ ವಿಮಾನ ಹತ್ತಿದ, ಯಾವ ದಿನ ಇಳಿದ ಎಂಬುದು ಪಾಸ್‌ಪೋರ್ಟಿನ ಮುದ್ರೆಗಷ್ಟೇ ಬಿಟ್ಟ ವಿಷಯವಲ್ಲ. ಕಳಿಸಿದವರ ಹಾಜರಿ ಪುಸ್ತಕದಲ್ಲೂ ಅದು ಇರಬೇಕು.

ಎರಡನೆಯದು ಪಿಎಫ್. ನಮ್ಮ ಭಾಗದಿಂದ ಹೋಗಿ ಬೆಂಗಳೂರಿನಲ್ಲಿ ನೌಕರಿ ಹಿಡಿದ ಮಕ್ಕಳಿಗೂ ಅವರ ತಂದೆತಾಯಿಗೂ ಇದು ಗೊತ್ತಿರಬೇಕೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿ ಪಿಎಫ್ ಕಟ್ಟುತ್ತಿರುವವನು ಕಂಪನಿಯ ಕೆಲಸದ ಮೇಲೆ ಪರದೇಶಕ್ಕೆ ಹೋದರೆ, ಅಲ್ಲಿನ ಸರ್ಕಾರವೂ ತನ್ನ ಸಾಮಾಜಿಕ ಭದ್ರತಾ ನಿಧಿಗೆ ಪಗಾರದಲ್ಲಿ ಪಾಲು ಮುರಿದುಕೊಳ್ಳುತ್ತದೆ. ಈ ಜೋಡಿ ಕಡಿತ ತಪ್ಪಿಸಲು ಭಾರತ ಕೆಲವು ದೇಶಗಳ ಜೊತೆ ಒಪ್ಪಂದ ಮಾಡಿಕೊಂಡಿದೆ. ಮೊದಲು ಜಾರಿಗೆ ಬಂದದ್ದು ಬೆಲ್ಜಿಯಂ ಜೊತೆಗಿನದು, 2009ರಲ್ಲಿ. ಜಪಾನ್ ಜೊತೆಗಿನದು 2016ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಹೊರಡುವ ಮೊದಲು ಪಿಎಫ್ ಕಚೇರಿಯಿಂದ ‘ಸರ್ಟಿಫಿಕೇಟ್ ಆಫ್ ಕವರೇಜ್’ ಎಂಬ ಒಂದು ಹಾಳೆ ತಂದು ತೋರಿಸಿದರೆ, ಜಪಾನಿನಲ್ಲಿ ಐದು ವರ್ಷದವರೆಗೆ ಅಲ್ಲಿನ ಪಿಂಚಣಿಗೆ ಕಟ್ಟಬೇಕಿಲ್ಲ. ಇಲ್ಲಿನ ಪಿಎಫ್ ಮುಂದುವರಿದರೆ ಸಾಕು. ಆ ಹಾಳೆ ತರಬೇಕೆಂದು ಎಚ್‌ಆರ್‌ನವರಿಗೆ ಗೊತ್ತಿಲ್ಲದಿದ್ದರೆ ತಿಂಗಳು ತಿಂಗಳು ದುಡ್ಡು ಸೋರುತ್ತಲೇ ಇರುತ್ತದೆ.

ಅಮೆರಿಕದ ಜೊತೆ ಇಂಥ ಒಪ್ಪಂದವಿಲ್ಲ. ಅಲ್ಲಿ ಪಗಾರದ ಶೇ 6.2ರಷ್ಟು ಸೋಷಿಯಲ್ ಸೆಕ್ಯುರಿಟಿಗೆ, ಶೇ 1.45ರಷ್ಟು ಮೆಡಿಕೇರ್‌ಗೆ ಮುರಿಯುತ್ತಾರೆ. ಅಷ್ಟನ್ನೇ ಕಂಪನಿಯೂ ಕಟ್ಟುತ್ತದೆ. ಅದರ ಪಿಂಚಣಿ ಸಿಗಬೇಕಾದರೆ ಸುಮಾರು ಹತ್ತು ವರ್ಷ ದುಡಿದಿರಬೇಕು. ಎಚ್-1ಬಿ ವೀಸಾ ಮೇಲೆ ಇರಲು ಬಿಡುವುದು ಸಾಮಾನ್ಯವಾಗಿ ಆರು ವರ್ಷ. ವರ್ಷಕ್ಕೆ ಒಂದು ಲಕ್ಷ ಡಾಲರ್ ಪಗಾರದವನು ಆರು ವರ್ಷಕ್ಕೆ ಪಿಂಚಣಿಯ ಬಾಬಿಗೇ 37,200 ಡಾಲರ್ ಕಟ್ಟಿ, ಗ್ರೀನ್ ಕಾರ್ಡಿನ ದಾರಿ ಹಿಡಿಯದೆ ಊರಿಗೆ ಬಂದುಬಿಟ್ಟರೆ ಅದು ಅಲ್ಲೇ ಉಳಿಯುತ್ತದೆ. ‘ಡಾಲರ್ ಪಗಾರ’ ಎಂದು ಗುಣಾಕಾರ ಮಾಡುವ ಮೊದಲು ಈ ವ್ಯವಕಲನ ತೋರಿಸಬೇಕಾದವರು ಕಳಿಸುವವರು.

ಇನ್ನು ವೀಸಾ. ಹೋಗುವ ಕೆಲಸಕ್ಕೂ ವೀಸಾಕ್ಕೂ ತಾಳೆ ಇರಬೇಕು ಎಂಬುದು ಕೇಳಲು ಸರಳ. ಸಭೆಗೆ ಹೋಗಿಬರುವವನ ಬಿ-1 ವೀಸಾ ಬೇರೆ, ಕೂತು ದುಡಿಯುವವನ ಎಚ್-1ಬಿ ಬೇರೆ. ಇನ್ಫೋಸಿಸ್‌ನಂಥ ಕಂಪನಿಯೇ 2013ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರಕ್ಕೆ 3.4 ಕೋಟಿ ಡಾಲರ್ ಕೊಟ್ಟು ಇಂಥ ಒಂದು ವ್ಯಾಜ್ಯ ಮುಗಿಸಿಕೊಂಡಿತು. ವೀಸಾ ದುರ್ಬಳಕೆಯ ಆರೋಪವನ್ನು ಕಂಪನಿ ಒಪ್ಪಲಿಲ್ಲ. ದಾಖಲೆಪತ್ರ ಇಡುವುದರಲ್ಲಾದ ಲೋಪವನ್ನು ಒಪ್ಪಿಕೊಂಡಿತು. ನಿಯಮಗಳೂ ನಿಂತಲ್ಲಿ ನಿಲ್ಲುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಅಮೆರಿಕದ ಅಧ್ಯಕ್ಷರು ಸಾರಿದಾಗ, ರಜೆಗೆಂದು ಊರಿಗೆ ಬಂದವರನ್ನು ಒಂದೇ ದಿನದಲ್ಲಿ ವಾಪಸ್ ಬನ್ನಿ ಎಂದು ಕಂಪನಿಗಳು ಕರೆದವು. ಹಳೆಯ ವೀಸಾದವರಿಗೆ ಇದು ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ಆಮೇಲೆ ಬಂತು. ಆ ರಾತ್ರಿ ಅಕ್ಕನ ಮಗಳು ನಿದ್ದೆ ಮಾಡಲಿಲ್ಲ.

ಫೈಲಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸುಪ್ರೀಂ ಕೋರ್ಟ್ ತೀರ್ಪು. ಬೆಂಗಳೂರಿನ ನಾರ್ದರ್ನ್ ಆಪರೇಟಿಂಗ್ ಸಿಸ್ಟಮ್ಸ್ ಎಂಬ ಕಂಪನಿಗೆ ಅದರ ವಿದೇಶಿ ಬಳಗದ ಕಂಪನಿ ತನ್ನ ನೌಕರರನ್ನು ಎರವಲು ಕಳಿಸಿತ್ತು. ಕೆಲಸ ಹೇಳುವವರು ಇಲ್ಲಿನವರು. ಪಗಾರ ಕೊಡುವುದು ಅಲ್ಲಿನ ಕಂಪನಿ. ಆ ಹಣವನ್ನು ಇಲ್ಲಿನ ಕಂಪನಿ ಅದಕ್ಕೆ ತುಂಬಿಕೊಡುತ್ತಿತ್ತು. ಹಾಗಾದರೆ ಆ ನೌಕರ ಯಾರವನು? 2022ರ ಮೇ 19ರಂದು ಕೋರ್ಟು ಹೇಳಿತು: ನಿಜವಾದ ಮಾಲೀಕ ವಿದೇಶಿ ಕಂಪನಿಯೇ, ಅದು ಇಲ್ಲಿಗೆ ಜನರನ್ನು ಒದಗಿಸುವ ಸೇವೆ ಮಾಡಿದೆ, ಆದ್ದರಿಂದ ಇಲ್ಲಿನ ಕಂಪನಿ ಸೇವಾ ತೆರಿಗೆ ಕಟ್ಟಬೇಕು. ಇಂಥ ಎರವಲು ವ್ಯವಸ್ಥೆ ಇಟ್ಟುಕೊಂಡ ಕಂಪನಿಗಳೆಲ್ಲ ಅದಾದ ಮೇಲೆ ತಮ್ಮ ಕರಾರುಪತ್ರಗಳನ್ನು ತೆಗೆದು ಮತ್ತೆ ಓದಿದವು.

ಇದನ್ನು ಓದುವಾಗ ನನಗೆ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಕಣ್ಣಿಗೆ ಕಟ್ಟಿತು. ಪಗಾರ ಒಬ್ಬರದು, ಹುಕುಂ ಇನ್ನೊಬ್ಬರದು ಎಂಬ ಸ್ಥಿತಿಯಲ್ಲೇ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ನಮ್ಮ ಸುರಪುರದಲ್ಲಿ ಹನ್ನೆರಡು ವರ್ಷ ಇದ್ದರು. ಹೆಸರಿಗೆ ನಿಜಾಮನ ಸೇವೆ. ಆದೇಶ ಬರುತ್ತಿದ್ದುದು ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟರಿಂದ. ದುಡಿದದ್ದು ಸುರಪುರದ ನಾಯಕ ಸಂಸ್ಥಾನದಲ್ಲಿ.

ಪರದೇಶಕ್ಕೆ ಹೋಗುವವರಿಗೆ ಅಂದೇ ಶಾಲೆಗಳಿದ್ದವು. ಈಸ್ಟ್ ಇಂಡಿಯಾ ಕಂಪನಿ 1800ರಲ್ಲಿ ಕಲ್ಕತ್ತದಲ್ಲಿ ಫೋರ್ಟ್ ವಿಲಿಯಂ ಕಾಲೇಜು, 1806ರಲ್ಲಿ ಇಂಗ್ಲೆಂಡಿನಲ್ಲಿ ಹೇಲಿಬರಿ ಕಾಲೇಜು, 1812ರಲ್ಲಿ ಮದ್ರಾಸಿನಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ತೆರೆದಿತ್ತು. ಮದ್ರಾಸಿಗೆ ಬಂದ ಎಳೆಯ ಅಧಿಕಾರಿಗಳು ಕನ್ನಡವನ್ನೂ ಅಲ್ಲಿ ಕಲಿಯಬಹುದಿತ್ತು. ಹೇಲಿಬರಿಯಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟವರು ಮಾಲ್ಥಸ್. ಟೇಲರರಿಗೆ ಇದಾವುದೂ ಸಿಗಲಿಲ್ಲ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಹುಡುಗನನ್ನು 1824ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿಗೆ ಗುಮಾಸ್ತಿಕೆಗೆ ಕಳಿಸಿದರು. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಹಂತದಲ್ಲಿತ್ತು. ಮುಂಬಯಿ ಸರ್ಕಾರದಲ್ಲಿದ್ದ ಒಬ್ಬ ಬಂಧು ಕೈಹಿಡಿದು ನಿಜಾಮನ ಸೇನೆಗೆ ಸೇರಿಸಿದ್ದರಿಂದ ಬದುಕಿದರು. ಕಳಿಸುವ ಮೊದಲು ಆ ವ್ಯಾಪಾರ ಹೇಗಿದೆಯೆಂದು ಯಾರಾದರೂ ವಿಚಾರಿಸಿದ್ದರೇ? ಇವತ್ತು ಗಲ್ಫ್‌ಗೆ ಹೋಗಿ, ಹೇಳಿದ ಕಂಪನಿಯೇ ಅಲ್ಲಿಲ್ಲ ಎಂದು ನಿಲ್ಲುವ ಹುಡುಗರದೂ ಇದೇ ಕಥೆ.

ಮುಂದೆ ಟೇಲರ್ ಭಾಷೆ, ಭೂಮಾಪನ, ಕಾನೂನು ಎಲ್ಲವನ್ನೂ ತಾವಾಗಿಯೇ ಕಲಿತರು. 1841ರಲ್ಲಿ ಸುರಪುರಕ್ಕೆ ಬಂದಾಗ ಸಂಸ್ಥಾನದಲ್ಲಿ ಉತ್ತರಾಧಿಕಾರದ ಜಗಳ, ಕಪ್ಪದ ಬಾಕಿ. ಬಾಲಕ ವೆಂಕಟಪ್ಪ ನಾಯಕನ ಪರವಾಗಿ ರಾಣಿ ಈಶ್ವರಮ್ಮ ಆಳುತ್ತಿದ್ದರು. ಆ ಬಾಲಕ ಟೇಲರರನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಅವರ ಆತ್ಮಕಥೆಯಲ್ಲಿದೆ. ಬೋನಾಳ ಕೆರೆಯನ್ನು ಸುಧಾರಿಸಿದ, ರಾಜನಕೋಳೂರಿನ ಆದಿಕಾಲದ ಕಲ್ಲುಗೋರಿಗಳ ಬಗ್ಗೆ ಬರೆದು ಹೊರಗಿನವರಿಗೆ ತಿಳಿಸಿದ ಆ ಮನುಷ್ಯನ ಹೆಣ್ಣುಮಕ್ಕಳು ಬೆಳೆದದ್ದು ಇಂಗ್ಲೆಂಡಿನಲ್ಲಿ, ನೆಂಟರ ಮನೆಯಲ್ಲಿ. ಹೆಂಡತಿ ಬೇಗ ತೀರಿಕೊಂಡಿದ್ದರು. 1840ರಲ್ಲಿ ರಜೆ ಮುಗಿಸಿ ಬಂದವರು ಮತ್ತೆ ತಾಯ್ನಾಡು ಕಂಡದ್ದು 1860ರಲ್ಲಿ, ಆರೋಗ್ಯ ಕೆಟ್ಟು. ಗುಡ್ಡದ ಮೇಲೆ ಎಷ್ಟು ಚಂದದ ಮನೆ ಕಟ್ಟಿದರೂ ಮಕ್ಕಳಿಂದ ದೂರವಿದ್ದ ಮನೆ ಅದು.

ಅವರನ್ನು ಕಳಿಸಿದವರಿಂದ ಸುರಪುರಕ್ಕೆ ಆದ ಹಾನಿಯನ್ನು ಮರೆತು ಇದನ್ನು ಬರೆಯಲಾರೆ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ಸೆರೆಯಲ್ಲಿರುವಾಗಲೇ ತೀರಿಕೊಂಡ. ಸಂಸ್ಥಾನ ಕೈಬಿಟ್ಟು ನಿಜಾಮನ ಪಾಲಾಯಿತು. ಹೇಲಿಬರಿಯ ತರಬೇತಿ ಆಳಲು ಕಲಿಸಿತ್ತು. ಹೋದ ಊರಿನವರ ಮಾತು ಕೇಳಲು ಕಲಿಸಿರಲಿಲ್ಲ. ಇಂದಿನ ತರಬೇತಿಯ ಪುಸ್ತಕಗಳಲ್ಲಿ ಹೋದ ನೆಲದ ರೀತಿನೀತಿಗೆ ಒಂದಿಡೀ ಭಾಗ ಮೀಸಲಾಗಿರುವುದು ನನಗೆ ದೊಡ್ಡ ಬದಲಾವಣೆಯಾಗಿ ಕಾಣುತ್ತದೆ.

ಆ ಭಾಗದ ಹಿಂದೆ ದಶಕಗಳ ಅಧ್ಯಯನವಿದೆ. ಹೊಸ ನಾಡಿಗೆ ಹೋದವನ ತಳಮಳಕ್ಕೆ ‘ಕಲ್ಚರ್ ಶಾಕ್’ ಎಂಬ ಹೆಸರು ಎಲ್ಲರ ಬಾಯಿಗೆ ಬರುವಂತೆ ಮಾಡಿದವರು ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್, 1954ರಲ್ಲಿ ಬ್ರೆಜಿಲ್‌ನ ರಿಯೊದಲ್ಲಿ ಮಹಿಳೆಯರ ಸಂಘವೊಂದಕ್ಕೆ ಕೊಟ್ಟ ಉಪನ್ಯಾಸದಲ್ಲಿ. ರೊಸಾಲಿ ಟಂಗ್ ಎಂಬ ಸಂಶೋಧಕಿ 1982ರಲ್ಲಿ ಅಮೆರಿಕದ ಕಂಪನಿಗಳನ್ನು ಕೇಳಿದಾಗ, ಕಳಿಸಿದವರು ಸೋತು ಬರಲು ಅವು ಕೊಟ್ಟ ಮೊದಲ ಕಾರಣ ಕೆಲಸ ಬಾರದಿರುವುದಲ್ಲ. ಹೆಂಡತಿಗೆ ಅಥವಾ ಗಂಡನಿಗೆ ಅಲ್ಲಿ ಒಗ್ಗದಿರುವುದು. ಒಂದು ಎಚ್ಚರವನ್ನೂ ಹೇಳಬೇಕು. ಪರದೇಶಕ್ಕೆ ಕಳಿಸಿದವರಲ್ಲಿ ಇಷ್ಟು ಶೇಕಡಾ ಮಂದಿ ಸೋಲುತ್ತಾರೆ ಎಂಬ ದೊಡ್ಡ ದೊಡ್ಡ ಅಂಕಿಗಳು ತರಬೇತಿಗಳಲ್ಲಿ ಓಡಾಡುತ್ತವೆ. ಆನ್-ವಿಲ್ ಹಾರ್ಜಿಂಗ್ ಎಂಬವರು 1995ರಲ್ಲಿ ಇವುಗಳ ಬೇರು ಹುಡುಕಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ನಕಲು ಮಾಡುತ್ತ ಬೆಳೆಸಿದ ಲೆಕ್ಕ ಇದು, ತಳದಲ್ಲಿ ಗಟ್ಟಿ ಆಧಾರವಿಲ್ಲ ಎಂದು ತೋರಿಸಿಕೊಟ್ಟರು.

ಅಂಕಿ ಇಲ್ಲದೆಯೂ ನಮಗೆ ಇದು ಗೊತ್ತಾಗುವ ವಿಷಯ. ಮದುವೆಯಾಗಿ ಮೂರು ತಿಂಗಳಿಗೆ ಗಂಡನ ಹಿಂದೆ ಹೋದ ಹುಡುಗಿ, ಅಲ್ಲಿ ತನಗೆ ದುಡಿಯಲು ಪರವಾನಗಿ ಇಲ್ಲ ಎಂದು ಹೋದ ಮೇಲೆ ತಿಳಿದುಕೊಂಡರೆ ಆ ಮನೆಯಲ್ಲಿ ಏನಾಗುತ್ತದೆ? ಅಕ್ಕನ ಮಗಳು ಈಗ ನೌಕರನ ಜೊತೆ ಮಾತಾಡುವ ಮೊದಲು ಅವನ ಹೆಂಡತಿಯ ಜೊತೆ ಅರ್ಧ ತಾಸು ಮಾತಾಡುತ್ತಾಳೆ. ಅವಳ ಕರಡು ಕರಾರುಪತ್ರ ಓದಿದೆ. ಎಷ್ಟು ದಿನ, ಪಗಾರ ಯಾವ ದೇಶದ್ದು, ತೆರಿಗೆ ಹೆಚ್ಚು ಬಿದ್ದರೆ ತುಂಬುವವರು ಯಾರು, ಮಗುವಿನ ಶಾಲೆ, ಆಸ್ಪತ್ರೆಯ ವಿಮೆ. ನಾಲ್ಕನೇ ಪುಟದಲ್ಲಿ ಒಂದು ಕಲಮು: ತಂದೆಯದೋ ತಾಯಿಯದೋ ಮಣ್ಣಿಗೆ ಬರಬೇಕಾದರೆ ಟಿಕೆಟ್ಟಿನ ಖರ್ಚು ಕಂಪನಿಯದು, ರಜೆ ಬೇರೆ. ಅದನ್ನು ತಾನೇ ಹಟ ಹಿಡಿದು ಸೇರಿಸಿದ್ದೆಂದಳು.

ವಾಪಸ್ ಬರುವವರ ವಿಷಯ ಹೆಚ್ಚಿನ ಕಂಪನಿಗಳು ಮರೆತೇಬಿಡುತ್ತವೆ. ಬ್ಲ್ಯಾಕ್ ಮತ್ತು ಗ್ರೆಗರ್ಸನ್ ಎಂಬ ಇಬ್ಬರು 1999ರಲ್ಲಿ ಬರೆದಂತೆ, ಪರದೇಶದ ಕೆಲಸ ಮುಗಿಸಿ ಬಂದವರಲ್ಲಿ ಕಾಲು ಭಾಗದಷ್ಟು ಜನ ವರ್ಷದೊಳಗೆ ಕಂಪನಿ ಬಿಟ್ಟಿದ್ದರು. ಬಂದವನಿಗೆ ಕುರ್ಚಿ ಇಲ್ಲ, ಕಲಿತು ಬಂದದ್ದನ್ನು ಕೇಳುವವರಿಲ್ಲ.

ಈ ವಿದ್ಯೆ ಕಲಿಸುವ ವೃತ್ತಿಸಂಸ್ಥೆಗಳು ಜಗತ್ತಿನಲ್ಲಿವೆ. ಅಮೆರಿಕದಲ್ಲಿ 1964ರಲ್ಲಿ ಹುಟ್ಟಿದ ವರ್ಲ್ಡ್‌ವೈಡ್ ಇಆರ್‌ಸಿ ‘ಗ್ಲೋಬಲ್ ಮೊಬಿಲಿಟಿ ಸ್ಪೆಷಲಿಸ್ಟ್’ ಎಂಬ ಪ್ರಮಾಣಪತ್ರ ಕೊಡುತ್ತದೆ. ನಮ್ಮ ಎಂಬಿಎಗಳಲ್ಲೂ ಅಂತರರಾಷ್ಟ್ರೀಯ ಮಾನವ ಸಂಪನ್ಮೂಲ ಎಂಬ ಪತ್ರಿಕೆಯಿದೆ. ಅಕ್ಕನ ಮಗಳು ಪರೀಕ್ಷೆಗೆ ಪರ್ಲ್‌ಮಟರ್ 1969ರಲ್ಲಿ ಮಾಡಿದ ಕಂಪನಿಗಳ ವಿಂಗಡಣೆಯನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆದಳು. ಸರ್ಟಿಫಿಕೇಟ್ ಆಫ್ ಕವರೇಜಿನ ಅರ್ಜಿ ಹೇಗಿರುತ್ತದೆ ಎಂದು ಎರಡು ವರ್ಷದಲ್ಲಿ ಯಾರೂ ತೋರಿಸಲಿಲ್ಲ. ನಮ್ಮ ಭಾಗದ ಕಾಲೇಜುಗಳು ಇದನ್ನೇಕೆ ಮಾಡಬಾರದು? ಬೇಕಾದದ್ದು ಒಂದು ಪಿಎಫ್ ಅರ್ಜಿ, ಒಂದು ತೆರಿಗೆ ಒಪ್ಪಂದದ ಪ್ರತಿ, ಹೋಗಿಬಂದ ಇಬ್ಬರು ನೌಕರರು, ಒಬ್ಬ ಲೆಕ್ಕಪರಿಶೋಧಕ. ಯಾದಗಿರಿ, ಶಹಾಪುರ, ಸುರಪುರಗಳಿಂದ ಬೆಂಗಳೂರಿಗೆ ಹೋಗುವ ಎಂಬಿಎ ಹುಡುಗರಿಗೆ ಇದು ಕೈಗೆಟಕುವ ನೌಕರಿ. ಗುಳೆ ಕಂಡು ಬೆಳೆದ ಮಕ್ಕಳಿಗೆ ಮನೆ ಬಿಟ್ಟು ಹೋಗುವವನ ಸಂಕಟ ಹೇಳಿಕೊಡಬೇಕಾಗಿಯೂ ಇಲ್ಲ.

ಕೈಕೆಲಸಕ್ಕೆ ಗಲ್ಫ್‌ಗೆ ಹೋಗುವವರಿಗೂ ಕಾನೂನಿನ ಆಸರೆ ಇದೆ, ತಿಳಿದವರು ಕಡಿಮೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂದಿರುತ್ತದೆ. ಅವರು ಕೆಲಸಕ್ಕೆಂದು 18 ದೇಶಗಳಿಗೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಏಜೆಂಟರು ನೋಂದಾಯಿತರೋ ಅಲ್ಲವೋ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಅವರು ಮೂವತ್ತು ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಕೇಳುವಂತಿಲ್ಲ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಹತ್ತು ಲಕ್ಷದ ವಿಮೆ. ಹೊರಡುವ ಮೊದಲು ಒಂದು ದಿನದ ತರಬೇತಿಯನ್ನೂ ವಿದೇಶಾಂಗ ಸಚಿವಾಲಯ ನಡೆಸುತ್ತದೆ.

ರಾಜ್ಯದ ಗಡಿ ದಾಟಿ ಪುಣೆ, ಮುಂಬಯಿ, ಹೈದರಾಬಾದಿಗೆ ಗುಳೆ ಹೋಗುವವರಿಗಾಗಿ 1979ರಲ್ಲಿ ಬಂದ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯನ್ನು ಮತ್ತೆ ಓದಿದೆ. ಊರು ಬಿಟ್ಟದ್ದಕ್ಕೆ ತಿಂಗಳ ಕೂಲಿಯ ಅರ್ಧದಷ್ಟು ಭತ್ಯೆ, ಹೋಗಿಬರುವ ಖರ್ಚು, ಇರಲು ಮನೆ, ಔಷಧೋಪಚಾರ, ಫೋಟೊ ಹಚ್ಚಿದ ಪಾಸ್‌ಬುಕ್ಕು. ಎಲ್ಲವೂ ಗುತ್ತಿಗೆದಾರನ ಹೊಣೆ ಎಂದಿತ್ತು ಅದು. ಅಕ್ಕನ ಮಗಳ ಕರಾರುಪತ್ರಕ್ಕೂ ಇದಕ್ಕೂ ಕಲಮಿಗೆ ಕಲಮು ಹೊಂದುತ್ತದೆ. 2020ರ ಕಾರ್ಮಿಕ ಸಂಹಿತೆಯಲ್ಲಿ ಆ ಕಾಯ್ದೆ ಸೇರಿಹೋಯಿತು. ಇಷ್ಟು ವರ್ಷಗಳಲ್ಲಿ ಆ ಪಾಸ್‌ಬುಕ್ಕು ಹಿಡಿದ ಒಂದು ಕೈಯನ್ನೂ ನಾನು ಯಾದಗಿರಿ ನಿಲ್ದಾಣದಲ್ಲಿ ಕಂಡಿಲ್ಲ. ಬರೆದಿಟ್ಟದ್ದನ್ನು ಮಾಡಿಸಲು ಬಲ್ಲವರು ಬೇಕು.

ಯುಗಾದಿಯ ಮರುದಿನ ಬೇವು ಬೆಲ್ಲಕ್ಕೆಂದು ಮೇಸ್ತ್ರಿ ಮನೆಗೆ ಬಂದ. ಹಬ್ಬಕ್ಕೆ ಮಂದಿಯನ್ನೆಲ್ಲ ಊರಿಗೆ ಕರೆತಂದಿದ್ದ. ಅಕ್ಕನ ಮಗಳಿಗೆ ಅವನ ಡೈರಿಯ ಚುಕ್ಕಿಗಳ ಬಗ್ಗೆ ಹೇಳಿದೆ. ಅವಳು ಡೈರಿ ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಹೊಸ ಹಾಳೆಯಲ್ಲಿ ಸ್ಕೇಲು ಹಿಡಿದು ಗೆರೆ ಎಳೆಯತೊಡಗಿದಳು. ಚುಕ್ಕಿಯ ಕಾಲಮು ಹಾಗೇ ಇಟ್ಟು ಅದರ ಪಕ್ಕ ಇನ್ನೂ ಮೂರು ಎಳೆದಳು. ಊರಲ್ಲಿ ಉಳಿದವರ ಫೋನ್ ನಂಬರು, ರೇಷನ್ ಕಾರ್ಡಿನ ನಂಬರು, ಹೋದ ತಾರೀಖು.

‘ರೇಷನ್ ಕಾರ್ಡ್ ಯಾಕವ್ವಾ, ಅದು ಊರಾಗ ನಡೀತದಲ್ಲ?’

‘ಈಗ ಎಲ್ಲಿ ಹೋದ್ರೂ ನಡೀತದ ಕಾಕಾ. ಬೆಂಗಳೂರಾಗೂ ಅಕ್ಕಿ ಸಿಗ್ತದ, ಪುಣೇದಾಗೂ.’

ಮೇಸ್ತ್ರಿ ಸುಮ್ಮನೆ ಹಾಳೆ ನೋಡಿದ. ಕೊನೆಯ ಕಾಲಮಿನ ಮೇಲೆ ಬೆರಳಿಟ್ಟು, ‘ಹೋದ ತಾರೀಖು ಬರದೀದಿ, ಬಂದ ತಾರೀಖಿಗಿ ಜಾಗ ಎಲ್ಲದ?’ ಎಂದು ಕೇಳಿದ.

ಅವಳು ಸ್ಕೇಲು ಮತ್ತೆ ಎತ್ತಿಕೊಂಡಳು.